ಕಾಂತಮಾಪಕಕ್ಕೆ ಕೇಳಿಸಿದ ಸಿಳ್ಳೆ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಸುತ್ತ ಮುಂಗಾರಿಗೆ ಮುಂಚಿನ ಸಿಡಿಲು ಶುರುವಾದರೆ ಹಳೆಯ ರೇಡಿಯೊಗಳು ಕರಕರ ಎನ್ನುತ್ತವೆ. ಸಿಡಿಲಿನ ರೇಡಿಯೊ ಶಕ್ತಿಯ ದೊಡ್ಡ ಪಾಲು ಇರುವುದು ಆ ರೇಡಿಯೊಗಳು ಹಿಡಿಯಲಾರದಷ್ಟು ಕೆಳಗೆ, ಸೆಕೆಂಡಿಗೆ ಕೆಲವು ಸಾವಿರ ಸಲ ಕಂಪಿಸುವ ಅಲೆಗಳಲ್ಲಿ. ಅವು ನೆಲಕ್ಕೂ ಎತ್ತರದಲ್ಲಿರುವ ವಿದ್ಯುದಾವೇಶದ ಪದರವಾದ ಅಯಾನುಗೋಳಕ್ಕೂ ನಡುವೆ ಪುಟಿಯುತ್ತ ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಆ ಗೋಳವನ್ನು ತೂರಿ ಆಚೆಗೂ ಹೋಗುತ್ತವೆಯೇ?

ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳುತ್ತಿದ್ದ ಜರ್ಮನಿಯ ಹೈನ್ರಿಕ್ ಬಾರ್ಕ್‌ಹೌಸನ್ ಅವರಿಗೆ ತಾರಸ್ಥಾಯಿಯಿಂದ ಮಂದ್ರಕ್ಕೆ ಜಾರುವ ಸಿಳ್ಳೆ ಕೇಳಿಸಿತ್ತು. 1919ರಲ್ಲಿ ಅದನ್ನು ವರದಿ ಮಾಡಿದರು. ಅರ್ಥ ಬಿಡಿಸಿದವರು ಕೇಂಬ್ರಿಜ್‌ನ ಓವೆನ್ ಸ್ಟೋರಿ, 1953ರಲ್ಲಿ. ಸಿಡಿಲಿನ ಅಲೆ ಅಯಾನುಗೋಳ ದಾಟಿ, ಭೂಮಿಯ ಕಾಂತರೇಖೆಯ ಜಾಡು ಹಿಡಿದು ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ಹೆಚ್ಚು ಕಂಪನದ್ದು ಮೊದಲು ತಲುಪುತ್ತದೆ, ಕಡಿಮೆಯದು ಹಿಂದುಳಿಯುತ್ತದೆ ಎಂದರು. ದಿಟ್ಟ ಮಾತು. ಆದರೆ ಕೇಳಿದ್ದೆಲ್ಲ ನೆಲದ ಮೇಲೆ ಕೂತು.

1959ರ ಸೆಪ್ಟೆಂಬರ್ 18ರಂದು ಅಮೆರಿಕ ವ್ಯಾಂಗಾರ್ಡ್-3 ಉಪಗ್ರಹ ಹಾರಿಸಿತು. ಅದರಲ್ಲಿದ್ದದ್ದು ಸಿಳ್ಳೆ ಹಿಡಿಯುವ ಯಂತ್ರವಲ್ಲ, ಭೂಮಿಯ ಕಾಂತಕ್ಷೇತ್ರ ಅಳೆಯುವ ಪ್ರೋಟಾನ್ ಕಾಂತಮಾಪಕ. ಜಲಜನಕವಿರುವ ದ್ರವದ ಸುತ್ತ ತಂತಿಯ ಸುರುಳಿ. ಅದರಲ್ಲಿ ವಿದ್ಯುತ್ ಹರಿಸಿ ನಿಲ್ಲಿಸಿದರೆ ಪ್ರೋಟಾನುಗಳು ಬುಗುರಿಯಂತೆ ಓಲಾಡುತ್ತವೆ. ಆ ಓಲಾಟದ ವೇಗವೇ ಕ್ಷೇತ್ರದ ಬಲವನ್ನು ಹೇಳುತ್ತದೆ. ಆ ವೇಗ ಕಿವಿಗೆ ಕೇಳುವ ಕಂಪನದ ವ್ಯಾಪ್ತಿಯಲ್ಲೇ ಬರುತ್ತದೆ. ಸಿಡಿಲಿನ ಸಿಳ್ಳೆಯೂ ಅಲ್ಲಿಯದೇ. ಹಾಗಾಗಿ ಪ್ರೋಟಾನುಗಳ ಸ್ವರಕ್ಕೆ ಕಾದಿದ್ದ ಸುರುಳಿಗೆ, ಬಯಸದೆಯೇ, ಜಾರುವ ಸಿಳ್ಳೆಗಳೂ ಸಿಕ್ಕವು. ಭೂಮಿಗೆ ಬಂದ ಸಂಕೇತದಲ್ಲಿದ್ದ ಅವನ್ನು ಗದ್ದಲವೆಂದು ತೆಗೆದುಹಾಕಬಹುದಿತ್ತು. ಜೋಸೆಫ್ ಕೇನ್, ಜೇಮ್ಸ್ ಹೆಪ್ನರ್ ಮತ್ತು ಜೊತೆಗಾರರು ಹಾಗೆ ಮಾಡಲಿಲ್ಲ. ಅಯಾನುಗೋಳದ ಮೇಲೆ ಕೇಳಿದ ಸಿಳ್ಳೆಗಳೆಂದೇ 1961ರಲ್ಲಿ ಪ್ರಕಟಿಸಿದರು. ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಳಿಗೆ ಇದು. ಮರುವರ್ಷ, ಸೆಪ್ಟೆಂಬರ್ 29ರಂದು, ಕೆನಡಾದ ಅಲೂಯೆಟ್-1 ಈ ಅಲೆಗಳಿಗೆಂದೇ ಗ್ರಾಹಕ ಹೊತ್ತು ಸುಮಾರು 1,000 ಕಿಲೋಮೀಟರ್ ಎತ್ತರಕ್ಕೇರಿತು.

ನಮ್ಮ ಸೀಮೆಗೆ ಇದು ಇನ್ನೂ ಹತ್ತಿರದ ವಿಷಯ. ಕಾಂತೀಯ ಸಮಭಾಜಕ ಕೇರಳದ ತುಂಬಾದ ಬಳಿ ಹಾಯುತ್ತದೆಂದೇ 1963ರಲ್ಲಿ ಅಲ್ಲಿಂದ ರಾಕೆಟ್ ಹಾರಿಸಿದ್ದು. ಹೊಸದುರ್ಗ ಅದರಿಂದ ಐದಾರು ಡಿಗ್ರಿಯಷ್ಟೇ ಉತ್ತರಕ್ಕಿದೆ. ಇಲ್ಲಿ ನೆಲದಿಂದ ಹೊರಟ ಕಾಂತರೇಖೆ ನೂರು ಕಿಲೋಮೀಟರ್ ಎತ್ತರವನ್ನೂ ಮುಟ್ಟದೆ ದಕ್ಷಿಣಕ್ಕೆ ಬಾಗಿ ಇಳಿಯುತ್ತದೆ. ಸ್ಟೋರಿ ಹೇಳಿದ ದೂರದ ಪಯಣಕ್ಕೆ ಜಾಡೇ ಇಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಇನ್ನೂ ಉತ್ತರದ ಗುಲ್ಮಾರ್ಗ್, ನೈನಿತಾಲ್, ವಾರಾಣಸಿಯಲ್ಲಿ ನೆಲದ ಮೇಲೆಯೇ ಸಿಳ್ಳೆ ದಾಖಲಿಸಿದ್ದಾರೆ. ನಮ್ಮ ಕಡೆಯ ಸಿಡಿಲಿನದು ಬೇಕಾದರೆ ಮೇಲಕ್ಕೇ ಹೋಗಬೇಕು. 2008ರ ಏಪ್ರಿಲ್‌ನಲ್ಲಿ ಹಾರಿದ ಅಮೆರಿಕದ ಸಿ/ನೋಫ್ಸ್ ಉಪಗ್ರಹ ಭೂಮಧ್ಯರೇಖೆಯ ಎರಡೂ ಪಕ್ಕ 13 ಡಿಗ್ರಿಯೊಳಗೆ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದವರೆಗೆ, ಸುತ್ತುತ್ತಿತ್ತು. ಅದು ಕೇಳಿದ ಸಿಳ್ಳೆಗಳನ್ನು ಸಿಡಿಲಿನ ಜಾಗ ಗುರುತಿಸುವ ಜಾಗತಿಕ ಜಾಲದ ದಾಖಲೆಯೊಂದಿಗೆ ಹೊಂದಿಸಿ, ಯಾವ ಸಿಳ್ಳೆ ಯಾವ ಸಿಡಿಲಿನದೆಂದು 2011ರ ಹೊತ್ತಿಗೆ ವಿಜ್ಞಾನಿಗಳು ತೋರಿಸಿಕೊಟ್ಟರು.