ಅಮೆರಿಕದ ಇಂಟರ್ನ್‌ಶಿಪ್: ಸಂದರ್ಶನ ಒಂದಲ್ಲ, ಮೂರು

ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುವ ನಮ್ಮ ಯುವಕ ಯುವತಿಯರಲ್ಲಿ ಹಲವರಿಗೆ ಅಮೆರಿಕದ ಹೋಟೆಲೊಂದರಲ್ಲಿ ಒಂದು ವರ್ಷ ತರಬೇತಿ ಪಡೆಯುವ ಆಸೆಯಿದೆ. ಆಸೆ ಒಳ್ಳೆಯದೇ. ಆದರೆ ಇದಕ್ಕಾಗಿ ಅಮ್ಮನ ಬಳೆ ಅಡವಿಡುವ, ಸೊಸೈಟಿಯಲ್ಲಿ ಸಾಲ ಮಾಡುವ ಮನೆಗಳೂ ಇವೆ. "ಇಂಟರ್‌ವ್ಯೂ ನಾವೇ ಮಾಡಿಸಿ ಕೊಡುತ್ತೇವೆ, ವೀಸಾ ಗ್ಯಾರಂಟಿ" ಎಂಬ ಏಜೆಂಟರ ಮಾತು ನಂಬಿ ಮುಂಗಡ ಕೊಡುವವರೂ ಇದ್ದಾರೆ. ಸಂದರ್ಶನ ಹೇಗೆ ಏರ್ಪಾಡಾಗುತ್ತದೆ, ಯಾರು ಏನನ್ನು ಪರೀಕ್ಷಿಸುತ್ತಾರೆ ಎಂಬುದು ತಿಳಿದಿದ್ದರೆ ಇಂಥ ಮಾತಿಗೆ ಬಲಿಯಾಗಬೇಕಾಗಿಲ್ಲ. ಈ ಉದ್ದೇಶದಿಂದ ಕೆಲವು ಮಾಹಿತಿಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಜೆ-1 ಎಂದರೇನು?

ಈ ತರಬೇತಿಗೆ ಸಿಗುವ ವೀಸಾದ ಹೆಸರು ಜೆ-1. ಇದು ವಿನಿಮಯ ಕಾರ್ಯಕ್ರಮದ ವೀಸಾ. ಅಲ್ಲಿಯೇ ಕೆಲಸಕ್ಕೆ ನೆಲೆಸಲು ಕೊಡುವ ವೀಸಾ ಅಲ್ಲ. ಕಾಲೇಜಿನಲ್ಲಿ ಕಲಿಯುತ್ತಿರುವವರು ಅಥವಾ ಕಲಿಕೆ ಮುಗಿಸಿ 12 ತಿಂಗಳು ದಾಟದವರು 'ಇಂಟರ್ನ್' ಆಗಿ ಹೋಗಬಹುದು. ಪದವಿಯೊಂದಿಗೆ ಅಮೆರಿಕದ ಹೊರಗೆ ಕನಿಷ್ಠ ಒಂದು ವರ್ಷ, ಅಥವಾ ಪದವಿಯಿಲ್ಲದೆ ಐದು ವರ್ಷ ಅದೇ ಕ್ಷೇತ್ರದಲ್ಲಿ ದುಡಿದವರು 'ಟ್ರೈನಿ' ಆಗಿ ಹೋಗಬಹುದು. ಹೋಟೆಲ್ ಕ್ಷೇತ್ರದಲ್ಲಿ ಇಬ್ಬರಿಗೂ ಗರಿಷ್ಠ ಅವಧಿ 12 ತಿಂಗಳು.

ಅಮೆರಿಕದ ವಿದೇಶಾಂಗ ಇಲಾಖೆಯ ಮಾನ್ಯತೆ ಪಡೆದ ಪ್ರಾಯೋಜಕ ಸಂಸ್ಥೆ, ಅಂದರೆ ಸ್ಪಾನ್ಸರ್, ಈ ಕಾರ್ಯಕ್ರಮದ ಹೊಣೆ ಹೊರುತ್ತದೆ. ಇಂಥ ಸಂಸ್ಥೆಗಳ ಪಟ್ಟಿ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯ. ಊರಿನ ಏಜೆಂಟರು ನಡುವಿನವರು ಮಾತ್ರ. ಆದುದರಿಂದ ಅವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ನಿಮ್ಮ ಸ್ಪಾನ್ಸರ್ ಯಾರು?" ಹೆಸರು ಸಿಕ್ಕಿದ ಮೇಲೆ ಆ ಸಂಸ್ಥೆಗೇ ನೇರವಾಗಿ ಇಮೇಲ್ ಬರೆದು, ಈ ಏಜೆಂಟರು ನಿಮ್ಮವರೇ ಎಂದು ವಿಚಾರಿಸಿ. ಎಲ್ಲ ಶುಲ್ಕಗಳನ್ನು ಮೊದಲೇ ತಿಳಿಸುವುದು ಸ್ಪಾನ್ಸರ್‌ನ ಕರ್ತವ್ಯ.

ಮೊದಲ ಎರಡು ಸಂದರ್ಶನಗಳು

ಒಂದು ಸಂದರ್ಶನ ಸ್ಪಾನ್ಸರ್‌ನದು. ಇಲ್ಲಿ ಮುಖ್ಯವಾಗಿ ಇಂಗ್ಲಿಷ್ ಮಾತುಗಾರಿಕೆ ಮತ್ತು ಅರ್ಹತೆಯನ್ನು ನೋಡುತ್ತಾರೆ. ಇನ್ನೊಂದು ತರಬೇತಿ ಕೊಡುವ ಹೋಟೆಲಿನದು. ಇದರಲ್ಲಿ ಯಾವುದು ಮೊದಲು ಎಂಬುದು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಕ್ರಮ. ಸಾಮಾನ್ಯವಾಗಿ ಎರಡೂ ವಿಡಿಯೋ ಕರೆಯ ಮೂಲಕ ನಡೆಯುತ್ತವೆ.

ಸಮಯ ಗೊತ್ತುಮಾಡುವಾಗ ಎಚ್ಚರ ಬೇಕು. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ಸಂಜೆ 6.30, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದ ತನಕ 7.30. ಕ್ಯಾಲಿಫೋರ್ನಿಯಾದ ಹೋಟೆಲಾದರೆ ಇನ್ನೂ ಮೂರು ಗಂಟೆ ತಡ. ಇಮೇಲ್‌ನಲ್ಲಿ ಎರಡೂ ಕಡೆಯ ಸಮಯವನ್ನು ಬರೆದು ಖಚಿತಪಡಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮ ಊರುಗಳಲ್ಲಿ ಚಾರ್ಜ್ ಮಾಡಿದ ಮೊಬೈಲ್, ಇನ್ನೊಂದು ಸಿಮ್ ಹತ್ತಿರವಿರಲಿ.

ಹೋಟೆಲು ಒಪ್ಪಿದ ಮೇಲೆ ಡಿಎಸ್-7002 ಎಂಬ ತರಬೇತಿ ಯೋಜನೆ ತಯಾರಾಗುತ್ತದೆ. ಯಾವ ವಿಭಾಗದಲ್ಲಿ ಎಷ್ಟು ಕಾಲ, ಯಾರ ಮೇಲ್ವಿಚಾರಣೆ, ಭತ್ಯೆ ಎಷ್ಟು ಎಂಬುದೆಲ್ಲ ಇದರಲ್ಲಿರುತ್ತದೆ. ಹೋಟೆಲ್ ತರಬೇತಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕನಿಷ್ಠ ಮೂರು ವಿಭಾಗಗಳಲ್ಲಿ ಕಲಿಸಬೇಕೆಂಬುದು ನಿಯಮ. ವರ್ಷವಿಡೀ ಪಾತ್ರೆ ತೊಳೆಯುವುದು, ಕೋಣೆ ಗುಡಿಸುವುದು ತರಬೇತಿಯಲ್ಲ. ಸಹಿ ಹಾಕುವ ಮೊದಲು ಪ್ರತಿ ಪುಟ ಓದಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಜೆ-1ರಲ್ಲೇ ಬೇಸಿಗೆ ರಜೆಯ ಕೆಲಸಕ್ಕೆ ಬೇರೊಂದು ವಿಭಾಗವಿದೆ. ಅದರಲ್ಲಿ ಹೋಗಿದ್ದ ಹಲವು ದೇಶಗಳ ನೂರಾರು ವಿದ್ಯಾರ್ಥಿಗಳು 2011ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಚಾಕಲೇಟ್ ಪ್ಯಾಕಿಂಗ್ ಕೇಂದ್ರವೊಂದರ ಹೊರಗೆ ಪ್ರತಿಭಟನೆಗೆ ಇಳಿದರು. ಸಾವಿರಾರು ಡಾಲರ್ ಕಟ್ಟಿ ಬಂದವರಿಗೆ ಸಿಕ್ಕಿದ್ದು ಭಾರ ಎತ್ತುವ ಕೆಲಸ ಮತ್ತು ಕಡಿತಗಳ ನಂತರ ಕೈಗೆ ಬರುವ ಅಲ್ಪ ಹಣ. ಮರುವರ್ಷ ಆ ವಿಭಾಗದ ನಿಯಮಗಳನ್ನು ಸರಕಾರ ಬಿಗಿಗೊಳಿಸಿತು.

ಮೂರನೆಯದು ಕಾನ್ಸುಲೇಟಿನಲ್ಲಿ

ಎಲ್ಲವೂ ಸರಿಯಿದ್ದರೆ ಸ್ಪಾನ್ಸರ್ ಡಿಎಸ್-2019 ಪತ್ರ ನೀಡುತ್ತದೆ. ಅದು ಬಂದ ಮೇಲೆ 220 ಡಾಲರ್ ಸೆವಿಸ್ ಶುಲ್ಕ ಕಟ್ಟಿ, ಡಿಎಸ್-160 ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ವೀಸಾ ಶುಲ್ಕ 2023ರ ಜೂನ್‌ನಿಂದ 185 ಡಾಲರ್. 2025ರ ಜುಲೈಯಲ್ಲಿ ಆದ ಕಾನೂನು ಇನ್ನೂ 250 ಡಾಲರ್ ಶುಲ್ಕಕ್ಕೆ ಅವಕಾಶ ಮಾಡಿರುವುದರಿಂದ, ಹಣ ಕಟ್ಟುವ ದಿನ ಅಧಿಕೃತ ಜಾಲತಾಣವನ್ನು ನೋಡಿಕೊಳ್ಳಿ.

ನಂತರ ಎರಡು ಅಪಾಯಿಂಟ್‌ಮೆಂಟ್: ಬೆರಳಚ್ಚು ಮತ್ತು ಫೋಟೋಗೆ ಒಂದು, ಸಂದರ್ಶನಕ್ಕೆ ಇನ್ನೊಂದು. ಚೆನ್ನೈ, ಹೈದರಾಬಾದ್, ಮುಂಬಯಿ, ಕೊಲ್ಕತ್ತಾ ಅಥವಾ ದೆಹಲಿಯಲ್ಲಿ ಹಾಜರಾಗಬಹುದು. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಗೊಂಡರೂ ಆಗ ವೀಸಾ ಸೇವೆ ಅಲ್ಲಿ ಆರಂಭವಾಗಲಿಲ್ಲ. 2025ರಿಂದ ದಿನಾಂಕವನ್ನು ಒಮ್ಮೆ ಮಾತ್ರ ಉಚಿತವಾಗಿ ಬದಲಿಸಬಹುದು. ತಪ್ಪಿಸಿಕೊಂಡರೆ ಮತ್ತೆ ಶುಲ್ಕ ಕಟ್ಟಬೇಕು. 2025ರ ಜೂನ್‌ನಿಂದ ಜೆ-1 ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಸ್ವದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿ ಸಂದರ್ಶನ ಪಡೆಯಬೇಕೆಂಬ ಸೂಚನೆಯಿದೆ. ಹಾಗಾಗಿ ತಂದೆ ಗಲ್ಫ್‌ನಲ್ಲಿದ್ದಾರೆ, ಅಲ್ಲಿ ಬೇಗ ಡೇಟ್ ಸಿಗಬಹುದು ಎಂದು ವಿಸಿಟ್ ವೀಸಾದಲ್ಲಿ ಹೋಗಿ ಪ್ರಯತ್ನಿಸುವುದು ಸರಿಯಲ್ಲ.

ಕಾನ್ಸುಲೇಟಿನ ಕೌಂಟರಿನಲ್ಲಿ ಮಾತುಕತೆ ಕೆಲವೇ ನಿಮಿಷ. ಅರ್ಜಿದಾರರು ಅಲ್ಲಿಯೇ ಉಳಿಯಲು ಬಯಸುತ್ತಾರೆ ಎಂದು ಭಾವಿಸಿಯೇ ಅಧಿಕಾರಿ ಆರಂಭಿಸಬೇಕೆಂದು ಕಾನೂನು ಹೇಳುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಎಲ್ಲಿ, ಏನು ಕಲಿಯುತ್ತೀರಿ, ಯಾರು ಖರ್ಚು ನೋಡಿಕೊಳ್ಳುತ್ತಾರೆ, ಹಿಂತಿರುಗಿ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳಿಗೆ ಬಾಯಿಪಾಠ ಮಾಡಿದ ಉತ್ತರ ಬೇಡ. ತನ್ನ ಡಿಎಸ್-7002 ಚೆನ್ನಾಗಿ ಓದಿದವರಿಗೆ ಇದು ಕಷ್ಟವಲ್ಲ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ತಂದೆತಾಯಂದಿರಲ್ಲಿ ವಿನಂತಿ

ಇದಕ್ಕಾಗಿ ಚರ್ಚಿನ ಫಾದರ್ ಅವರ ಶಿಫಾರಸು ಪತ್ರ ಬೇಕೇ ಎಂದು ಕೇಳುವವರಿದ್ದಾರೆ. ಸಂತೋಷದಿಂದ ಕೊಡಬಹುದು, ಆದರೆ ವೀಸಾಕ್ಕೆ ಅದು ಅಗತ್ಯವಿಲ್ಲ. ಅಗತ್ಯವಿರುವುದು ಬೇರೆ. ಸ್ಪಾನ್ಸರ್‌ನ ಹೆಸರು ಖಚಿತವಾಗುವ ಮೊದಲು, ಹಣ ವಾಪಸಿನ ನಿಯಮ ಬರವಣಿಗೆಯಲ್ಲಿ ಸಿಗುವ ಮೊದಲು ದೊಡ್ಡ ಮೊತ್ತ ಕೊಡಬೇಡಿ. ಮೂರೂ ಸಂದರ್ಶನಗಳಲ್ಲಿ ಉತ್ತರಿಸಬೇಕಾದವರು ನಿಮ್ಮ ಮಗ ಅಥವಾ ಮಗಳು. ಅವರ ಪರವಾಗಿ ಯಾವ ಏಜೆಂಟರೂ ಉತ್ತರಿಸಲಾರರು. ವೀಸಾ ಕೊಡುವ ಅಧಿಕಾರ ಕಾನ್ಸುಲರ್ ಅಧಿಕಾರಿಗೆ ಮಾತ್ರ. ಗ್ಯಾರಂಟಿ ಕೊಡುವವರು ಎದುರಾದರೆ ಅಲ್ಲಿಂದ ಎದ್ದು ಬನ್ನಿ.