ಮಲಗುವ ವಾಹನದಲ್ಲಿ ಬೆಂಕಿ ಬೇಡ

ಚಳಿಗಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲೋ ಬಿಳಿಗಿರಿರಂಗನ ಬೆಟ್ಟದಲ್ಲೋ ಒಂದು ರಾತ್ರಿ ಕಳೆದವರಿಗೆ ಅಲ್ಲಿಯ ಚಳಿ ಎಂಥದೆಂದು ಗೊತ್ತು. ಕೊಳ್ಳೇಗಾಲದಲ್ಲಿ ಬೆವರು ಒರೆಸಿಕೊಂಡು ಹೊರಟವರು ಹನೂರು ದಾಟಿ ಘಾಟಿ ಏರಿದ ಮೇಲೆ ಕಂಬಳಿ ಹುಡುಕುತ್ತಾರೆ. ಯಳಂದೂರಿನಿಂದ ರಂಗನ ಬೆಟ್ಟಕ್ಕೆ ಸಂಕ್ರಾಂತಿಯ ಚಿಕ್ಕ ಜಾತ್ರೆಗೆ ಹೋಗುವವರ ಅನುಭವವೂ ಇದೇ. ಜಾತ್ರೆಯ ದಿನಗಳಲ್ಲಿ ಕೋಣೆ ಸಿಗದೆ ವ್ಯಾನು, ಟೆಂಪೋಗಳಲ್ಲೇ ಮಲಗುವ ಸಂಸಾರಗಳುಂಟು. ಹಾಸಿಗೆ, ಒಲೆ ಅಳವಡಿಸಿದ ಕ್ಯಾರವಾನ್‌ಗಳೂ ಈಗ ಬಂದಿವೆ. ಆಗ ಏಳುವ ಪ್ರಶ್ನೆ: ಒಳಗೆ ಬೆಚ್ಚಗಿರಲು ಏನನ್ನು ಇಟ್ಟುಕೊಳ್ಳಬಹುದು?

ಉತ್ತರ ಸರಳವಾದುದು. ಉರಿಯುವ ಯಾವುದನ್ನೂ ಇಟ್ಟುಕೊಳ್ಳಬಾರದು. ಇದ್ದಿಲಿನ ಅಗ್ಗಿಷ್ಟಿಕೆ, ಸೀಮೆಎಣ್ಣೆ ಸ್ಟೌ, ಸಣ್ಣ ಸಿಲಿಂಡರಿನ ಮೇಲೆ ಕೂರಿಸುವ ಗ್ಯಾಸ್ ಹೀಟರ್ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ.

ಕಾಣದ ವಿಷ

ಯಾವುದೇ ಇಂಧನ ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆ ಅಡಗಿದ ಮೇಲೆ ಕೆಂಡವನ್ನು ಒಳಗೆ ತಂದರೆ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಇದು ಪೂರ್ಣ ತಪ್ಪು. ನಿಗಿನಿಗಿ ಕೆಂಡವೂ ಈ ವಿಷವನ್ನು ಧಾರಾಳವಾಗಿ ಬಿಡುತ್ತಿರುತ್ತದೆ.

ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಪರಿಣಾಮವಾಗಿ ಉಸಿರಾಟ ನಡೆಯುತ್ತಿದ್ದರೂ ಮೆದುಳು, ಹೃದಯಗಳಿಗೆ ಆಮ್ಲಜನಕ ತಲುಪುವುದಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದಿರಬಹುದು.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೋಣೆಯಲ್ಲೇ ಅಸ್ವಸ್ಥರಾಗಿ ಸಾವಿಗೀಡಾದರು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಸಿಕ್ಕರು. ಅಲ್ಲಿ ಹೀಟರ್ ಇರಲಿಲ್ಲ. ವಾಹನದ ಜನರೇಟರಿನ ಅನಿಲವೇ ಒಳಗೆ ನುಗ್ಗಿತ್ತು. ಆದ್ದರಿಂದ ಎಂಜಿನ್ನನ್ನಾಗಲಿ ಜನರೇಟರನ್ನಾಗಲಿ ಚಾಲನೆಯಲ್ಲಿಟ್ಟು ಮಲಗುವುದೂ ಅಷ್ಟೇ ಅಪಾಯಕರ. ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಟ್ಟ ಮಾತ್ರಕ್ಕೆ ಈ ಭಯ ನಿವಾರಣೆಯಾಗದು.

ಹಾಗಾದರೆ ಯಾವ ಹೀಟರ್?

ತಂಗುವ ಜಾಗದಲ್ಲಿ ವಿದ್ಯುತ್ ಸಂಪರ್ಕವಿದ್ದರೆ ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯ ವಿದ್ಯುತ್ ಹೀಟರ್ ಮೇಲು. ಕೆಂಪಗೆ ಕಾಯುವ ಸುರುಳಿ ಹೊರಗೆ ಕಾಣುವ ಹೀಟರುಗಳಿಗೆ ಕಂಬಳಿ ತಗುಲಿದರೆ ಬೆಂಕಿ ಹತ್ತಬಹುದು. ಕೊಳ್ಳುವಾಗ ಐಎಸ್‌ಐ ಗುರುತು, ಶಾಖ ಹೆಚ್ಚಾದರೆ ತಾನೇ ಆರುವ ವ್ಯವಸ್ಥೆ, ಉರುಳಿದರೆ ನಿಲ್ಲುವ ಸ್ವಿಚ್ಚು, ಅರ್ಥ್ ಇರುವ ಮೂರು ಪಿನ್ನಿನ ಪ್ಲಗ್ಗು ಇವೆಯೇ ನೋಡಿ. ಹಾಸಿಗೆಯಿಂದ ಮೂರಡಿ ದೂರವಿಡಿ. ಅಷ್ಟು ಜಾಗವಿಲ್ಲದ ವ್ಯಾನಿನಲ್ಲಿ ಮಲಗುವ ಮುಂಚೆ ಒಳಗನ್ನು ಬೆಚ್ಚಗೆ ಮಾಡಿಕೊಂಡು ಆರಿಸಿಬಿಡಿ.

ವಾಹನದ ಬ್ಯಾಟರಿಯಿಂದ ಇದನ್ನು ನಡೆಸಬಹುದೆಂದು ಎಣಿಸಬೇಡಿ. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,200 ವಾಟ್-ಅವರ್ ಶಕ್ತಿ. 1,500 ವಾಟಿನ ಹೀಟರಿಗೆ ಅದು ಒಂದು ಗಂಟೆಗೂ ಸಾಲದು.

ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೇ ಬಿಡುವ ಡೀಸೆಲ್ ಹೀಟರುಗಳೂ ಇವೆ. ಇವನ್ನು ಬಲ್ಲವರಿಂದ ವಾಹನಕ್ಕೆ ಖಾಯಮ್ಮಾಗಿ ಜೋಡಿಸಿಸಬೇಕು, ಕೊಳವೆಯಲ್ಲಿ ಬಿರುಕಿಲ್ಲವೆಂದು ಆಗಾಗ ಪರೀಕ್ಷಿಸಬೇಕು. ವಾಹನದಲ್ಲಿ ಮಲಗುವ ಅಭ್ಯಾಸವಿರುವವರು ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೊಂದನ್ನು ತಲೆದಿಂಬಿನ ಎತ್ತರದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇವಾವುವೂ ಇಲ್ಲದಿದ್ದರೆ ಕೊರಗಬೇಕಾಗಿಲ್ಲ. ದಪ್ಪ ಕಂಬಳಿ, ಉಣ್ಣೆಯ ಟೋಪಿ, ಕಾಲುಚೀಲ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಷ್ಟಿದ್ದರೆ ನಮ್ಮ ಬೆಟ್ಟಗಳ ಚಳಿಯನ್ನು ತಡೆಯಬಹುದು. ಬೆಂಕಿ ಕಾಯಿಸಲೇಬೇಕೆಂದರೆ ಅನುಮತಿಯಿರುವ ಕಡೆ, ಬಯಲಿನಲ್ಲಿ ಕಾಯಿಸಿ, ಪೂರ್ತಿ ನಂದಿಸಿ ಮಲಗಿ. ಉಳಿದ ಕೆಂಡವನ್ನು ಒಳಗೆ ತರಬೇಡಿ.

ಲಕ್ಷಣ ಮತ್ತು ಪ್ರಥಮ ಚಿಕಿತ್ಸೆ

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಮಂಕು ಇದರ ಮೊದಲ ಲಕ್ಷಣಗಳು. ಘಾಟಿಯ ತಿರುವುಗಳಿಂದ ಬಂದ ತಲೆಸುತ್ತೆಂದೋ ಪ್ರಸಾದ ಒಗ್ಗಲಿಲ್ಲವೆಂದೋ ಕಡೆಗಣಿಸುವುದುಂಟು. ಒಳಗಿದ್ದವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ಹೀಗಾದರೆ, ಹೊರಗೆ ಬಂದಾಗ ಹಗುರವೆನಿಸಿದರೆ, ಈ ವಿಷವನ್ನೇ ಶಂಕಿಸಬೇಕು. ಗರ್ಭಿಣಿಯರು, ಮಕ್ಕಳು, ವೃದ್ಧರು, ರಕ್ತಹೀನತೆ ಹಾಗೂ ಹೃದಯರೋಗ ಇರುವವರಿಗೆ ಅಪಾಯ ಹೆಚ್ಚು.

ಕೂಡಲೇ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ತನ್ನಿ. 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಬಲ್ಲವರು ಕೃತಕ ಉಸಿರಾಟ ಮತ್ತು ಎದೆ ಒತ್ತುವ ಚಿಕಿತ್ಸೆ ಆರಂಭಿಸಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ರಕ್ತದಲ್ಲಿ ವಿಷ ತುಂಬಿದ್ದರೂ ಅದು 98, 99 ಎಂದೇ ತೋರಿಸಬಹುದು. ಶುದ್ಧ ಆಮ್ಲಜನಕವೇ ಇದಕ್ಕೆ ಮದ್ದು. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮುಖವಾಡದ ಮೂಲಕ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಆದ್ದರಿಂದ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಬೇಡಿ; ವೈದ್ಯರಿಗೆ, ವಾಹನದೊಳಗೆ ಏನು ಉರಿಯುತ್ತಿತ್ತೆಂಬುದನ್ನು ಮರೆಯದೆ ತಿಳಿಸಿ.