ಭ್ರೂಣದ ಸ್ನಾಯುವಿನಲ್ಲಿ ಗ್ರಾಹಕಗಳ ನೆಲೆ

ಊರಿಗಾಗಿ ದಾರಿಯಾಯಿತೋ, ದಾರಿಯಿಂದಾಗಿ ಊರು ಹುಟ್ಟಿತೋ ಎಂಬ ಪ್ರಶ್ನೆ ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜೀವವಿಜ್ಞಾನದಲ್ಲಿಯೂ ಇಂಥದೇ ಪ್ರಶ್ನೆಯೊಂದು ಬಹುಕಾಲ ವಿದ್ವಾಂಸರನ್ನು ಕಾಡಿತು.

ನರದ ತುದಿಯು ಸ್ನಾಯುವನ್ನು ಸಂಧಿಸುವೆಡೆಯಲ್ಲಿ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಸ್ರವಿಸುತ್ತದೆ. ನರದ ಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವುದು ಇದೇ. ಇದನ್ನು ಬರಮಾಡಿಕೊಳ್ಳುವ ಪ್ರೋಟೀನುಗಳಿಗೆ ಗ್ರಾಹಕಗಳೆಂದು ಹೆಸರು. ಇಂಥದೊಂದು ವಸ್ತುವು ಸ್ನಾಯುವಿನಲ್ಲಿರಬೇಕೆಂದು ಕೇಂಬ್ರಿಜಿನ ಲ್ಯಾಂಗ್ಲಿ 1905ರಲ್ಲಿಯೇ ಪ್ರತಿಪಾದಿಸಿದ್ದನು. ಬೆಳೆದ ಪ್ರಾಣಿಯಲ್ಲಿ ಗ್ರಾಹಕಗಳು ನರದ ತುದಿಯ ಕೆಳಗೆ ದಟ್ಟವಾಗಿ ನೆರೆದಿರುತ್ತವೆ. ಹಾಗಾದರೆ ಭ್ರೂಣದಲ್ಲಿ ಅವು ಎಲ್ಲಿರುತ್ತವೆ? ಅವುಗಳ ನೆಲೆಯನ್ನು ಗೊತ್ತುಮಾಡುವುದು ಯಾವುದು?

1962ರಲ್ಲಿ ಡೈಮಂಡ್ ಮತ್ತು ಮಿಲೆಡಿ ಎಂಬವರು ಸೂಕ್ಷ್ಮವಾದ ಗಾಜಿನ ನಳಿಕೆಯಿಂದ ಇಲಿಯ ಸ್ನಾಯುತಂತುಗಳ ಮೇಲೆ ಅಲ್ಲಲ್ಲಿ ಅಸಿಟೈಲ್‌ಕೋಲೀನನ್ನು ಬಿಟ್ಟು, ಉಂಟಾಗುವ ವಿದ್ಯುತ್ತಿನ ವ್ಯತ್ಯಾಸವನ್ನು ಅಳೆದರು. ಭ್ರೂಣದ ತಂತುವು ಉದ್ದಕ್ಕೂ ಸ್ಪಂದಿಸಿತು. ಜನನಾನಂತರ ಆ ಸ್ಪಂದನವು ಕ್ರಮೇಣ ನರದ ತುದಿಯ ಬಳಿಗೇ ಸೀಮಿತವಾಯಿತು. ಆದರೆ ಇಲ್ಲಿ ತಿಳಿದುಬಂದುದು ಗ್ರಾಹಕದ ಕಾರ್ಯವೇ ಹೊರತು ಗ್ರಾಹಕವು ಕಣ್ಣಿಗೆ ಬೀಳಲಿಲ್ಲ.

ಆ ಕೊರತೆಯನ್ನು ತುಂಬಿದುದು ಹಾವಿನ ವಿಷ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬವರು ಅಲ್ಲಿಯ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದು ಈ ಗ್ರಾಹಕಕ್ಕೆ ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಹೊಳೆಯುವ ಬಣ್ಣವನ್ನು ಕೂಡಿಸಿದರೆ ಗ್ರಾಹಕಗಳಿರುವ ಸ್ಥಳವು ಸೂಕ್ಷ್ಮದರ್ಶಕದಲ್ಲಿ ಬೆಳಗುತ್ತದೆ. 1977ರಲ್ಲಿ ಆಂಡರ್ಸನ್ ಮತ್ತು ಕೋಹೆನ್ ಈ ವಿಧಾನದಿಂದ, ಕಪ್ಪೆಯ ಭ್ರೂಣದಿಂದ ತೆಗೆದು ಬೆಳೆಸಿದ ಸ್ನಾಯುಕೋಶಗಳಲ್ಲಿ ನರವು ಮುಟ್ಟಿದ ದಾರಿಯುದ್ದಕ್ಕೂ ಗ್ರಾಹಕಗಳು ಬಂದು ಸೇರುವುದನ್ನು ಕಂಡರು. ನರವೇ ನೆಲೆಯನ್ನು ನಿರ್ಧರಿಸುತ್ತದೆಂಬ ಅಭಿಪ್ರಾಯವು ಇದರಿಂದ ಬಲಗೊಂಡಿತು.

ಆದರೆ ಎರಡು ವಸ್ತುಗಳು ಒಂದೆಡೆ ಕಂಡುಬಂದ ಮಾತ್ರಕ್ಕೆ ಒಂದು ಕಾರಣ, ಇನ್ನೊಂದು ಕಾರ್ಯ ಎನ್ನಲಾಗದು. ಇದನ್ನು ಪರೀಕ್ಷಿಸಬೇಕಾದರೆ ನರವಿಲ್ಲದ ಸ್ನಾಯುವೇ ಬೇಕು. 2001ರಲ್ಲಿ ಪ್ರಕಟವಾದ ಸಂಶೋಧನೆಗಳಲ್ಲಿ, ಚಲನನರಗಳು ಬಂದು ಸೇರದ ಸುಂಡಿಲಿಯ ಭ್ರೂಣಗಳ ವಪೆಯನ್ನು ಪರೀಕ್ಷಿಸಲಾಯಿತು. ಅಲ್ಲಿಯೂ ಗ್ರಾಹಕಗಳು ಸ್ನಾಯುವಿನ ನಡುಭಾಗದಲ್ಲಿ ಗುಂಪುಗೂಡಿದ್ದುವು! ಸ್ನಾಯುವು ಮೊದಲೇ ಸ್ಥಳವನ್ನು ಸಿದ್ಧಪಡಿಸಿರುತ್ತದೆ. ನರವು ಬಂದ ಮೇಲೆ ಕೆಲವು ಗುಂಪುಗಳನ್ನು ಸ್ಥಿರಗೊಳಿಸಿ ಉಳಿದವನ್ನು ಚದುರಿಸುತ್ತದೆ.

ಈ ಜಿಜ್ಞಾಸೆಯು ಪ್ರಯೋಗಶಾಲೆಗೆ ಮಾತ್ರ ಸಂಬಂಧಿಸಿದುದಲ್ಲ. ಭ್ರೂಣದ ಗ್ರಾಹಕದ ರಚನೆಯು ವಯಸ್ಕರ ಗ್ರಾಹಕದ ರಚನೆಗಿಂತ ತುಸು ಭಿನ್ನವಾದುದು. ಕೆಲವು ತಾಯಂದಿರ ರಕ್ತದಲ್ಲಿ ಭ್ರೂಣರೂಪದ ಗ್ರಾಹಕವನ್ನೇ ತಡೆಯುವ ಪ್ರತಿಕಾಯಗಳಿರುತ್ತವೆ. ತಾಯಿಗೆ ರೋಗಲಕ್ಷಣವೇ ಇಲ್ಲದಿರಬಹುದು. ಗರ್ಭದಲ್ಲಿರುವ ಶಿಶುವಾದರೋ ಅಲುಗಾಡಲಾರದೆ, ಕೀಲುಗಳು ಮಡಿಚಿ ಬಿಗಿದ ಸ್ಥಿತಿಯಲ್ಲಿ ಹುಟ್ಟಬಹುದು. ಆರೋಗ್ಯವಂತಳಾಗಿ ತೋರುವ ತಾಯಿಯ ರಕ್ತವನ್ನೂ ಪರೀಕ್ಷಿಸಬೇಕೆಂಬ ವಿವೇಕವು ವೈದ್ಯನಿಗೆ ಒದಗುವುದು, ಯಾವ ಗ್ರಾಹಕವು ಎಲ್ಲಿ, ಯಾವಾಗ ಇರುತ್ತದೆಂಬ ಈ ತಿಳಿವಳಿಕೆಯಿಂದಲೇ.